ಗರ್ಭಿಣಿಗೆ ಏಳು ತಿಂಗಳು ತುಂಬಿದ ಮೇಲೆ ಮಗ್ಗುಲಾಗಿ ಮಲಗಲು: ಯು ದಿಂಬೋ, ಬೆಣೆ ದಿಂಬೋ, ಕೌದಿ ಸುರುಳಿಯೋ?

ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಹಳೇ ಕೌದಿಯ ಸುರುಳಿಗೇ. ಮೈಯ ಎರಡೂ ಬದಿಗೆ ಉದ್ದ ತೋಳು ಚಾಚುವ ಯು ಆಕಾರದ ದಿಂಬಿಗೆ ಎರಡನೇ ಸ್ಥಾನ. ಒಂದು ತುದಿ ದಪ್ಪ, ಇನ್ನೊಂದು ತೆಳುವಾಗಿರುವ ಬೆಣೆ ದಿಂಬು ಬೇರೆ ಕೆಲಸಕ್ಕೆ ಸರಿ, ರಾತ್ರಿಯಿಡೀ ಬೆನ್ನು ಕಾಯುವುದಕ್ಕಲ್ಲ.

ಇಲ್ಲಿ ದಿಂಬು ಮೆತ್ತಗಿದ್ದರೆ ಸಾಲದು, ಅಂಗಾತ ಉರುಳದಂತೆ ತಡೆಯಬೇಕು. ಕಾಲು ಮತ್ತು ಸೊಂಟದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಅಭಿಧಮನಿ ಬೆನ್ನುಮೂಳೆಯ ಬಲಬದಿಯಲ್ಲಿ ಸಾಗುತ್ತದೆ. ಅದರ ಗೋಡೆ ತೆಳು. ತುಂಬು ಗರ್ಭಿಣಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಅದನ್ನು ಅದುಮುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗಿದರೆ ಅಲ್ಲಿಂದ ಹೊರಡುವುದೂ ತಗ್ಗುತ್ತದೆ. ಕೆಲವರಿಗೆ ಬಿಪಿ ಇಳಿದು ತಲೆಸುತ್ತು, ಬೆವರು, ವಾಕರಿಕೆ ಬರುತ್ತದೆ. ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. 28 ವಾರದ ನಂತರ ಮಗ್ಗುಲಾಗಿಯೇ ನಿದ್ದೆಗೆ ಹೋಗಿ ಎಂದು ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೇಳುವುದು ಇದಕ್ಕೇ.

ಎಡವೇ ಮೊದಲ ಆಯ್ಕೆ. ಎದೆಯುರಿ ಇರುವವರಿಗಂತೂ ಅದೇ ಹಿತ. ಬಲಕ್ಕೆ ಹೊರಳಿದರೂ ಗಾಬರಿ ಬೇಡ.

ಯು ದಿಂಬಿನ ತಕರಾರು ಕೊಂಡ ದಿನ ಕಾಣುವುದಿಲ್ಲ. ಒಳಗಿರುವುದು ಪಾಲಿಯೆಸ್ಟರ್ ನಾರು. ಮೈಭಾರ ಹೆಚ್ಚು ಬೀಳುವುದು ಬೆನ್ನ ಹಿಂದಿನ ತೋಳಿನ ಮೇಲೆ. ಕೆಲವೇ ವಾರಗಳಲ್ಲಿ ಅಲ್ಲಿನ ನಾರು ಎರಡು ತುದಿಗೆ ಸರಿದು ನಡುವೆ ಹಳ್ಳ ಬೀಳುತ್ತದೆ. ಮಲಗುವಾಗ ನೇರ ಮಗ್ಗುಲಲ್ಲಿದ್ದವರು ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿ ಅರೆ ಅಂಗಾತವಾಗುತ್ತಾರೆ. ಸುತ್ತಲೂ ದಿಂಬು ಇರುವುದರಿಂದ ಎಲ್ಲ ಸರಿಯಾಗಿದೆ ಎಂದೇ ಅನಿಸುತ್ತದೆ.

ಆ ಅರೆ ಓರೆ ಸಾಕಾಗುವುದಿಲ್ಲ. 2015ರಲ್ಲಿ ಜಪಾನಿನ ವೈದ್ಯರು ಗರ್ಭಿಣಿಯರನ್ನು ಓರೆಯಾಗಿ ಮಲಗಿಸಿ ಎಂಆರ್‌ಐ ತೆಗೆದರು: ಎಡಕ್ಕೆ 15 ಡಿಗ್ರಿ ವಾಲಿಸಿದಾಗ ಆ ಅಭಿಧಮನಿಯ ಸ್ಥಿತಿ ಅಂಗಾತ ಮಲಗಿದಾಗಿನಂತೆಯೇ ಇತ್ತು, 30 ಡಿಗ್ರಿಗೆ ಸ್ವಲ್ಪ ತೆರೆದುಕೊಂಡಿತು. ಸೊಂಟದ ಅಗಲ 36 ಸೆಂ.ಮೀ. ಎಂದಿಟ್ಟುಕೊಂಡರೆ 30 ಡಿಗ್ರಿಗೆ ಒಂದು ಬದಿ 18 ಸೆಂ.ಮೀ. ಏಳಬೇಕು, 15 ಡಿಗ್ರಿಗಾದರೆ 9 ಸೆಂ.ಮೀ. ಮೇಲೆ ಒರಗಿದಾಗ 9 ಸೆಂ.ಮೀ.ಗೆ ಚಪ್ಪಟೆಯಾಗುವ ದಿಂಬು ಇದ್ದೂ ಇಲ್ಲದಂತೆ.

ಬೆಣೆ ದಿಂಬು ಸೋಲುವುದೂ ಇಲ್ಲೇ. ಅದರ ದಪ್ಪ ತುದಿ ಒಂದು ಗೇಣೂ ಇರುವುದಿಲ್ಲ, ಭಾರ ಬಿದ್ದರೆ ಇನ್ನೂ ಕುಗ್ಗುತ್ತದೆ. ಹೊಟ್ಟೆಯ ಅಡಿಗೆ ಆಸರೆ ಕೊಡಲು ಮಾತ್ರ ಚೆನ್ನ.

ಕೌದಿ ಸುರುಳಿ ಮಾಡುವುದು ಹೀಗೆ. ಕೌದಿಯನ್ನು ಹೆಗಲಿಂದ ಸೊಂಟದವರೆಗಿನ ಉದ್ದಕ್ಕೆ, ಅಂದರೆ ಸುಮಾರು 70 ಸೆಂ.ಮೀ.ಗೆ, ಮಡಚಿ ಬಿಗಿಯಾಗಿ ಸುತ್ತಿ. ಕೈಯಿಂದ ಒತ್ತಿದರೂ 20 ಸೆಂ.ಮೀ. ದಪ್ಪ ಉಳಿಯಬೇಕು. ಎರಡು ತುದಿ ಮತ್ತು ನಡುವೆ ಸೀರೆಯ ಪಟ್ಟಿಯಿಂದ ಕಟ್ಟಿ, ಮೇಲೆ ಹಳೇ ಹತ್ತಿ ಸೀರೆ ಹೊದಿಸಿ. ರೇಷ್ಮೆ, ಸಿಂಥೆಟಿಕ್ ಬೇಡ, ಜಾರುತ್ತವೆ. ಇಂಥವು ಎರಡು ಬೇಕು: ಒಂದು ಬೆನ್ನಿಗೆ, ಒಂದು ಹೊಟ್ಟೆಯ ಮುಂದೆ. ಮಗ್ಗುಲು ಬದಲಿಸಿದಾಗ ಹಿಂದಿನದು ಮುಂದಿನದಾಗುತ್ತದೆ, ಎಳೆದಾಡುವ ಕೆಲಸವಿಲ್ಲ. ರಾತ್ರಿ ಮೂತ್ರಕ್ಕೆ ಏಳುವಾಗ ಮುಂದಿನದನ್ನು ತಳ್ಳಿ ಕಾಲು ಇಳಿಸಿದರಾಯಿತು. ಯು ದಿಂಬಿನಲ್ಲಾದರೆ ಕೆಳಗಿನ ಬಾಯಿಯವರೆಗೆ ತೆವಳಬೇಕು.

ಕಾಲ ನಡುವಿನ ದಿಂಬು ಮಂಡಿಯಿಂದ ಹರಡಿನವರೆಗೂ ಇರಲಿ. ಮಂಡಿಗಷ್ಟೇ ಇಟ್ಟರೆ ಪಾದ ಜೋತುಬಿದ್ದು ಸೊಂಟ ಹಿಡಿಯುತ್ತದೆ.

ಮಗ್ಗುಲು ಬದಲಿಸುವಾಗ ಎದ್ದು ಕೂತೇ ತಿರುಗಬೇಕು, ಇಲ್ಲದಿದ್ದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಮನೆಯ ಹಿರಿಯರು ಹೇಳುವುದುಂಟು. ಬಳ್ಳಿ ಸುತ್ತುವುದು ಮಗುವಿನ ಓಡಾಟದಿಂದ, ತಾಯಿ ಹೊರಳುವುದರಿಂದಲ್ಲ. ಮಲಗಿದಲ್ಲೇ ನಿಶ್ಚಿಂತೆಯಾಗಿ ತಿರುಗಿ. ಅಂಗಾತವಾಗಿ ಎಚ್ಚರವಾದರೂ ಅಷ್ಟೇ, ಮಗ್ಗುಲಿಗೆ ತಿರುಗಿ ಮಲಗಿ. ಮಗುವಿನ ಓಡಾಟ ಕಡಿಮೆ ಅನಿಸಿದರೆ ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಕೌದಿಯ ಕೊರತೆ ಎರಡು: ಭಾರ ಜಾಸ್ತಿ, ಒದ್ದೆಯಾದರೆ ಮಳೆಗಾಲದಲ್ಲಿ ಒಣಗುವುದಿಲ್ಲ. ಸೀರೆಯನ್ನಷ್ಟೇ ಬಿಚ್ಚಿ ಒಗೆಯಿರಿ. ಎಸಿ ಕೋಣೆ, ಅಗಲ ಮಂಚ, ದುಡ್ಡಿನ ಚಿಂತೆಯಿಲ್ಲ ಎನ್ನುವವರು ಯು ದಿಂಬನ್ನೇ ಕೊಳ್ಳಲಿ. ಆದರೆ ಒಳಚೀಲಕ್ಕೂ ಜಿಪ್ ಇದೆಯೇ ಎಂದು ಮೊದಲು ನೋಡಿ. ಹಳ್ಳ ಬಿದ್ದಾಗ ಬೆನ್ನಿನ ತೋಳಿಗೆ ಒಂದಿಷ್ಟು ನಾರು ತುಂಬಿಕೊಳ್ಳಬಹುದು.