ಮೇಲ್ದವಡೆಯಲ್ಲಿ ಮೂಳೆ ಎಷ್ಟಿದೆ ಎಂದು ತಿಳಿಯದೆ ಇಂಪ್ಲಾಂಟ್ ಹಾಕಿಸಿಕೊಳ್ಳಬೇಡಿ

ಊಟದ ಕೊನೆಯಲ್ಲಿ ಅಮ್ಮ ಮಜ್ಜಿಗೆ ಕುಡಿಯುತ್ತಿದ್ದಾಗ ಅವರ ಮೂಗಿನ ಎಡ ಹೊಳ್ಳೆಯಿಂದ ಬಿಳಿಯ ಹನಿಯೊಂದು ಇಳಿದು ಲೋಟದ ಅಂಚಿನ ಮೇಲೆ ಬಿದ್ದಿತು. ಅವರು ಸೆರಗಿನಿಂದ ಒರೆಸಿಕೊಂಡು, “ನೆಗಡಿ ಇರಬೇಕು ಕಣೋ” ಎಂದರು. ಅದು ನೆಗಡಿಯಾಗಿರಲಿಲ್ಲ. ಬಾಯಿಗೂ, ಮೂಗಿನ ಪಕ್ಕದ ಗಾಳಿಯ ಪೊಟರೆಯಾದ ಸೈನಸ್ಸಿಗೂ ನಡುವೆ ತೂತಾಗಿ, ಕುಡಿದ ಮಜ್ಜಿಗೆಯೇ ಮೂಗಿನಿಂದ ಹೊರಬರುತ್ತಿತ್ತು. ನಮಗಾದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ 62 ವರ್ಷ. ಮೇಲ್ದವಡೆಯ ಎಡಗಡೆಯ ಎರಡು ದವಡೆ ಹಲ್ಲುಗಳನ್ನು ಎಂಟು ವರ್ಷಗಳ ಹಿಂದೆಯೇ ಕೀಳಿಸಿದ್ದರು. ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕೃತಕ ಹಲ್ಲು, ಹಾಕಿಸೋಣವೆಂದು ಹೋದ ದಂತ ಚಿಕಿತ್ಸಾಲಯದಲ್ಲಿ ಎರಡೂ ದವಡೆಗಳನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌ರೇ ತೆಗೆದರು. “ಮೂಳೆ ಸ್ವಲ್ಪ ಮೆತ್ತಗಿದೆ, ಆದರೂ ತೊಂದರೆಯಿಲ್ಲ” ಎಂದರು. ಮೆತ್ತಗಿದೆ ಎಂದರೆ ಏನು, ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ನಾವು ಕೇಳಲಿಲ್ಲ. ಖರ್ಚೆಷ್ಟು, ಎಷ್ಟು ಸಲ ಬರಬೇಕು ಎಂದಷ್ಟೇ ಕೇಳಿದೆವು.

ಮೇಲ್ದವಡೆಯ ಹಿಂಭಾಗವೇ ಬಾಯಿಯಲ್ಲಿ ಅತ್ಯಂತ ಸಡಿಲವಾದ ಮೂಳೆಯಿರುವ ಜಾಗವೆಂಬುದು ನನಗೆ ಆಮೇಲೆ ತಿಳಿಯಿತು. ಕೆಳದವಡೆಯ ಮುಂಭಾಗದಲ್ಲಿ ಗಟ್ಟಿಯಾದ ಹೊರಪದರ ದಪ್ಪವಾಗಿರುತ್ತದೆ. ಇಲ್ಲಿ ಆ ಪದರ ತೆಳು, ಒಳಗೆಲ್ಲ ಸ್ಪಂಜಿನಂತಹ ಮೂಳೆ. ಇದರ ಮೇಲೆಯೇ ಸೈನಸ್ ಇದೆ. ಹಲ್ಲು ಹೋದ ಮೇಲೆ ಮೂಳೆ ಕೆಳಗಿನಿಂದ ಸವೆಯುತ್ತಾ ಬಂದರೆ, ಸೈನಸ್ ಮೇಲಿನಿಂದ ಕೆಳಕ್ಕೆ ಹಿಗ್ಗುತ್ತದೆ, ಹೀಗಾಗಿ ವರ್ಷಗಳು ಕಳೆದಂತೆ ನಡುವೆ ಉಳಿಯುವುದು ಕೆಲವೇ ಮಿಲಿಮೀಟರ್. ಅಮ್ಮನಿಗೆ ಉಳಿದಿದ್ದದ್ದು ಸುಮಾರು 4 ಮಿಲಿಮೀಟರ್. ಹಾಕಿದ ಸ್ಕ್ರೂವಿನ ಉದ್ದ 10 ಮಿಲಿಮೀಟರ್.

ಕೂರಿಸುವಾಗಲೇ ಸ್ಕ್ರೂ ಸರಿಯಾಗಿ ಬಿಗಿಯಾಗಿರಲಿಲ್ಲ. “ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ” ಎಂದು ಒಸಡು ಹೊಲಿದು ಕಳುಹಿಸಿದರು. ಮೂರನೆಯ ತಿಂಗಳಿಗೇ ಒಸಡು ಬಿಡಿಸಿ, ಮೇಲಿನ ಮುಚ್ಚಳ ತಿರುಗಿಸುವಾಗ ಸ್ಕ್ರೂ ಉಪಕರಣದಿಂದ ಜಾರಿ ಸೈನಸ್ಸಿನೊಳಕ್ಕೆ ಹೋಯಿತು. ಆಧುನಿಕ ಇಂಪ್ಲಾಂಟ್ ಪದ್ಧತಿಗೆ ಬುನಾದಿ ಹಾಕಿದ ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಅಳವಡಿಸಿದರು. ಅವರ ಪದ್ಧತಿಯಲ್ಲಿ ಮೇಲ್ದವಡೆಯ ಮೂಳೆ ಸ್ಕ್ರೂವನ್ನು ಹಿಡಿದುಕೊಳ್ಳಲು ಸುಮಾರು ಆರು ತಿಂಗಳು ಕಾಯುವ ನಿಯಮವಿತ್ತು. ಈಗಿನ ಇಂಪ್ಲಾಂಟ್‌ಗಳಿಗೆ ಅಷ್ಟು ಕಾಲ ಬೇಡವಾಗಿರಬಹುದು, ಆದರೆ ಮೊದಲ ದಿನವೇ ಅಲುಗಾಡಿದ ಇಂಪ್ಲಾಂಟನ್ನು ಅವಸರದಲ್ಲಿ ಮುಟ್ಟಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಸ್ಕ್ರೂ ಜಾರಿದ ದಿನ ಆಂಟಿಬಯೋಟಿಕ್ ಬರೆದುಕೊಟ್ಟು, ವಾರ ಬಿಟ್ಟು ಬನ್ನಿ ಎಂದರು. ಆ ವಾರದಲ್ಲೇ ಮಜ್ಜಿಗೆ ಮೂಗಿನಿಂದ ಇಳಿದದ್ದು.

ಕಿವಿ ಮೂಗು ಗಂಟಲು ತಜ್ಞರು ಸಿಟಿ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ಬಲಗಡೆಯ ಸೈನಸ್ ಕಪ್ಪಾಗಿ ಬರಿದಾಗಿತ್ತು, ಎಡಗಡೆಯದು ಬೂದುಬಣ್ಣಕ್ಕೆ ತಿರುಗಿತ್ತು, ಅದರ ತಳದಲ್ಲಿ ಸ್ಕ್ರೂ ಅಡ್ಡಲಾಗಿ ಮಲಗಿತ್ತು. ಅದರ ಎಳೆಗಳನ್ನೂ ಎಣಿಸಬಹುದಾಗಿತ್ತು. ಅರಿವಳಿಕೆ ಕೊಟ್ಟು, ಮೇಲ್ತುಟಿಯ ಒಳಬದಿಯಿಂದ ಒಸಡು ಬಿಡಿಸಿ, ಸೈನಸ್ಸಿನ ಮುಂಗೋಡೆಯಲ್ಲಿ ಕಿಟಕಿಯಷ್ಟು ಜಾಗ ಮಾಡಿ ಅದನ್ನು ಹೊರತೆಗೆದರು. ತೂತನ್ನು ಮುಚ್ಚಿ ಹೊಲಿದರು. ಹಲ್ಲೊಂದರ ಆಸೆಗೆ ಅಮ್ಮ ಆಪರೇಷನ್ ಥಿಯೇಟರ್ ಕಾಣಬೇಕಾಯಿತು.

ಆದ್ದರಿಂದ ಹಿಂಭಾಗದ ಹಲ್ಲಿಗೆ ಇಂಪ್ಲಾಂಟ್ ಎಂದರೆ ಮೊದಲು ಸಿಬಿಸಿಟಿ, ಅಂದರೆ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸ್ಕ್ಯಾನ್ ಕೇಳಿ. ಓಪಿಜಿಯಲ್ಲಿ ಅಳತೆ ಹಿಗ್ಗಿ ಕಾಣುತ್ತದೆ, ಮೂಳೆಯ ಅಗಲವಂತೂ ಕಾಣುವುದೇ ಇಲ್ಲ. ಎತ್ತರವೆಷ್ಟು, ಅಗಲವೆಷ್ಟು ಎಂದು ಬರೆಸಿಕೊಳ್ಳಿ. ಮೂಳೆ ಕಡಿಮೆಯಿದ್ದರೆ ಸೈನಸ್ ಲಿಫ್ಟ್ ಮಾಡಿ, ಅಂದರೆ ಸೈನಸ್ಸಿನ ತಳದ ಪೊರೆಯನ್ನು ಮೇಲಕ್ಕೆತ್ತಿ ಅದರಡಿ ಮೂಳೆ ತುಂಬಿ, ತಿಂಗಳುಗಟ್ಟಲೆ ಕಾದು ಆಮೇಲೆ ಸ್ಕ್ರೂ ಹಾಕುವ ದಾರಿಯೂ ಇದೆ. ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜ್ ಅಥವಾ ತೆಗೆದಿಡುವ ಹಲ್ಲಿನ ಸೆಟ್ಟೂ ಇದೆ. ಕೆಳದವಡೆಯಾದರೆ ಅಲ್ಲಿ ಹಾದುಹೋಗುವ ನರದಿಂದ ಎಷ್ಟು ದೂರವಿದೆ ಎಂಬುದನ್ನು ಕೇಳಿ, ಅದಕ್ಕೆ ಪೆಟ್ಟಾದರೆ ತುಟಿ, ಗದ್ದ ಮರಗಟ್ಟುತ್ತವೆ.

ಇನ್ನೊಂದು ಮಾತು. ಅಮ್ಮ ಮೈಯ ಮೂಳೆ ಸವೆತಕ್ಕೆಂದು (ಆಸ್ಟಿಯೊಪೊರೋಸಿಸ್) ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ದಂತ ಚಿಕಿತ್ಸಾಲಯದಲ್ಲಿ ಯಾರೂ ಅದನ್ನು ಕೇಳಲಿಲ್ಲ. ಈ ಗುಂಪಿನ ಔಷಧಿಗಳನ್ನು ತೆಗೆದುಕೊಳ್ಳುವವರಲ್ಲಿ, ಅಪರೂಪಕ್ಕಾದರೂ, ಶಸ್ತ್ರಚಿಕಿತ್ಸೆಯಾದ ದವಡೆಯ ಮೂಳೆ ಮಾಯದೆ ಸಾಯುವ ಅಪಾಯವಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಅವರು ಕೇಳಲಿ ಬಿಡಲಿ, ಚೀಟಿಯನ್ನು ಮುಂದಿಡಿ.

ಇಂಪ್ಲಾಂಟ್ ಹಾಕಿದ ಮೇಲೆ ಒಂದೇ ಹೊಳ್ಳೆಯಲ್ಲಿ ಕೆಟ್ಟ ವಾಸನೆ, ಕೀವು, ಬಾಯಿ ಮುಕ್ಕಳಿಸಿದಾಗ ಮೂಗಿನಲ್ಲಿ ನೀರು ಕಂಡರೆ ನೆಗಡಿಯ ಮಾತ್ರೆ ನುಂಗಿ ಕಾಯಬೇಡಿ. ಅಂದೇ ಸ್ಕ್ಯಾನ್ ಮಾಡಿಸಿ.