ಕ್ಯಾಮ್ ಸಾಫ್ಟ್‌ವೇರ್ ಡೆಮೊ ನೋಡಿ ದುಡ್ಡು ಕಟ್ಟಬೇಡಿ, ಮೊದಲು ಅದರ ಪ್ರೋಗ್ರಾಂ ನಿಮ್ಮ ಮಷೀನ್ ಮೇಲೆ ಓಡಿಸಿ ನೋಡಿ

ಹೊಸದಾಗಿ ವಿಎಂಸಿ (ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಮಷೀನ್) ಹಾಕಿರುವವರು, ಹಾಕಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. "ಕಲಿಯೋಕೆ ತುಂಬಾ ಸುಲಭ" ಅಂತ ಮಾರುವ ಕ್ಯಾಮ್ ಸಾಫ್ಟ್‌ವೇರ್‌ಗೆ, ಅಂದರೆ ಮಾಡೆಲ್‌ನಿಂದ ಮಷೀನ್ ಪ್ರೋಗ್ರಾಂ ಮಾಡಿಕೊಡುವ ಸಾಫ್ಟ್‌ವೇರ್‌ಗೆ, ಹಣ ಕೊಡುವ ಮುಂಚೆ, ಅದರಿಂದ ಬರುವ ಪ್ರೋಗ್ರಾಂ ನಿಮ್ಮದೇ ಮಷೀನ್ ಮೇಲೆ ಓಡುವುದನ್ನು ಕಣ್ಣಾರೆ ನೋಡಿ. ಪೀಣ್ಯದ ನಮ್ಮ ಶೆಡ್‌ನಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು ಜಾಬ್ ವರ್ಕ್, ಅಂದರೆ ಗಿರಾಕಿಗಳ ಬಿಡಿಭಾಗ (ಅದನ್ನೇ ಜಾಬ್ ಅನ್ನುತ್ತೇವೆ) ಮಾಡಿಕೊಡುವುದು. ಮೋಲ್ಡ್ ಪ್ಲೇಟು, ಫಿಕ್ಸ್ಚರ್ ಪ್ಲೇಟು, ಸಣ್ಣಪುಟ್ಟ ಬ್ರಾಕೆಟ್ಟು. ಮಷೀನ್ ತ್ರೀ ಆಕ್ಸಿಸ್ ವಿಎಂಸಿ, ಅದನ್ನು ನಡೆಸುವ ಕಂಟ್ರೋಲ್ ಫ್ಯಾನಕ್ ಕಂಪನಿಯದು. ಪ್ರೋಗ್ರಾಂ ಹೊರಗಡೆ ಮಾಡಿಸುತ್ತಿದ್ದೆವು. ಡ್ರಾಯಿಂಗ್ ಒಂದು ಚೂರು ಬದಲಾದರೂ ಅವರಿಗಾಗಿ ಕಾಯಬೇಕಿತ್ತು. ಹಾಗಾಗಿ ನಮ್ಮ ಆಪರೇಟರ್‌ಗೇ ಕಲಿಸೋಣ, ಸುಲಭದ್ದೊಂದು ಸಾಫ್ಟ್‌ವೇರ್ ತರೋಣ ಅಂತ ವಿಚಾರಿಸಿದೆವು. ಡೀಲರ್ ಕಡೆಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಮಾಡೆಲ್ ತೆರೆದ, ಪಾಕೆಟ್ (ಕೊರೆಯಬೇಕಾದ ತಗ್ಗು) ಮೇಲೆ ಒತ್ತಿದ, ಟೂಲ್ ಆರಿಸಿದ. ಪರದೆ ಮೇಲೆ ಟೂಲ್ ತಿರುಗುತ್ತಾ ಜಾಬ್ ತಯಾರಾಯಿತು. "ನೋಡಿ ಸಾರ್, ಒಂದು ವಾರದಲ್ಲಿ ನಿಮ್ಮ ಹುಡುಗರು ಪ್ರೋಗ್ರಾಮರ್ ಆಗ್ತಾರೆ" ಅಂದ. ಒಂದು ವರ್ಷದ ಸಬ್‌ಸ್ಕ್ರಿಪ್ಷನ್ ಹಣ ಪೂರ್ತಿ ಮುಂಗಡವಾಗಿ ಕಟ್ಟಿಸಿಕೊಂಡರು.

ಪರದೆ ಮೇಲಿನ ಕೆಲಸ ನಿಜಕ್ಕೂ ಸುಲಭವೇ ಇತ್ತು. ಅಷ್ಟರ ಮಟ್ಟಿಗೆ ಅವನು ಸುಳ್ಳು ಹೇಳಲಿಲ್ಲ.

ಸಿಂಗಲ್ ಟೂಲ್ ಜಾಬ್‌ಗಳು ಸರಿಯಾಗಿ ಬಂದವು. ಆಮೇಲೆ ಗಿರಾಕಿಯೊಬ್ಬರ ಪಿ20 (ಮೋಲ್ಡ್ ಸ್ಟೀಲ್) ಪ್ಲೇಟ್ ಬಂತು. ಮೆಟೀರಿಯಲ್ ಅವರದೇ, ಹಿಂದಿನ ಆಪರೇಷನ್‌ಗಳೆಲ್ಲ ಮುಗಿದಿದ್ದವು. ನಮ್ಮ ಕೆಲಸ ಒಂದು ಫೇಸಿಂಗು (ಮೇಲ್ಮೈ ಮಟ್ಟ ಮಾಡುವುದು), ಒಂದಷ್ಟು ಡ್ರಿಲ್ಲಿಂಗು. ಸಿಮ್ಯುಲೇಷನ್‌ನಲ್ಲಿ ಎಲ್ಲಿಯೂ ಡಿಕ್ಕಿ ತೋರಿಸುವ ಕೆಂಪು ಬರಲಿಲ್ಲ. ಪೋಸ್ಟ್ ಮಾಡಿ, ಅಂದರೆ ಮಷೀನ್ ಓದುವ ಕೋಡ್ ಆಗಿ ಬದಲಿಸಿ, ಮಷೀನ್‌ಗೆ ಹಾಕಿದೆವು. ಫೇಸ್ ಮಿಲ್ ಕೆಲಸ ಮುಗಿಸಿತು, ಎಂ06 (ಟೂಲ್ ಬದಲಿಸುವ ಆದೇಶ) ಆಗಿ ಟಿ2, ಅಂದರೆ ಕಾರ್ಬೈಡ್ ಡ್ರಿಲ್, ಟೂಲ್ ತಿರುಗಿಸುವ ಸ್ಪಿಂಡಲ್‌ಗೆ ಬಂತು. ಅದರ ಮುಂದಿನ ಸಾಲು ಹೀಗಿತ್ತು: ಜಿ43 ಎಚ್1 ಝಡ್25.

ಜಿ43 ಅಂದರೆ ಟೂಲ್‌ನ ಉದ್ದ ಲೆಕ್ಕಕ್ಕೆ ತೆಗೆದುಕೋ, ಎಚ್ ಅಂದರೆ ಎಷ್ಟನೇ ಟೂಲ್‌ನ ಉದ್ದ, ಝಡ್ ಅಂದರೆ ಎತ್ತರ. ಅಲ್ಲಿ ಇರಬೇಕಾದದ್ದು ಎಚ್2. ಸ್ಪಿಂಡಲ್‌ನಲ್ಲಿ ಎರಡನೇ ಟೂಲ್, ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದನೇ ಟೂಲ್‌ನ ಉದ್ದ. ಡ್ರಿಲ್ಲು ಫೇಸ್ ಮಿಲ್‌ಗಿಂತ 60 ಮಿ.ಮೀ. ಉದ್ದವಿತ್ತು. ಜಾಬ್‌ನಿಂದ 25 ಮಿ.ಮೀ. ಮೇಲೆ ನಿಲ್ಲಬೇಕಾದ ತುದಿ 35 ಮಿ.ಮೀ. ಒಳಗೆ ಇಳಿಯಲು ಹೊರಟಿತು, ಅದೂ ಅತಿ ವೇಗದ ಚಲನೆಯಾದ ರ್‍ಯಾಪಿಡ್‌ನಲ್ಲಿ. ಆಪರೇಟರ್ ರ್‍ಯಾಪಿಡ್ ಓವರ್‌ರೈಡ್ (ಆ ವೇಗ ತಗ್ಗಿಸುವ ಸ್ವಿಚ್) ಶೇ. 25ಕ್ಕೆ ಇಟ್ಟು, ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೆ ಬೆರಳಿಟ್ಟೇ ನಿಂತಿದ್ದ. ಆದರೂ ತಡೆಯಲಾಗಲಿಲ್ಲ. ಡ್ರಿಲ್ ಚೂರಾಯಿತು, ಪ್ಲೇಟ್‌ಗೆ ಪೆಟ್ಟು ಬಿತ್ತು. ಬಾಗಿಲು ಮುಚ್ಚಿದ್ದರಿಂದ ಅವನಿಗೆ ಏನೂ ಆಗಲಿಲ್ಲ, ಅದೊಂದೇ ಪುಣ್ಯ. ಟೆಸ್ಟ್ ಬಾರ್ ಹಾಕಿ ಡಯಲ್ ಇಟ್ಟರೆ ಸ್ಪಿಂಡಲ್‌ನಲ್ಲಿ ರನ್‌ಔಟ್, ಅಂದರೆ ತಿರುಗುವಾಗ ಓಲಾಟ, ಬಂದಿತ್ತು. "ಅಣ್ಣಾ, ಸ್ಕ್ರೀನ್‌ನಲ್ಲಿ ಎಲ್ಲಾ ಸರಿಯಾಗೇ ಇತ್ತಲ್ಲಾ" ಅಂತ ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಮಾತು ಸರಿ. ಮೋಸ ಇದ್ದದ್ದೂ ಅಲ್ಲೇ.

ಇದನ್ನು ಎಲ್ಲರೂ ಅರ್ಥ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಕ್ಯಾಮ್ ಒಳಗಿನ ಸಿಮ್ಯುಲೇಷನ್ ತೋರಿಸುವುದು ಟೂಲ್‌ಪಾತ್ ಅನ್ನು, ಅಂದರೆ ಟೂಲ್ ಹೋಗುವ ದಾರಿಯನ್ನು, ಮಾತ್ರ. ಮಷೀನ್ ಓದುವ ಜಿ ಕೋಡ್ ಅದಾದ ಮೇಲೆ ಪೋಸ್ಟ್ ಪ್ರೊಸೆಸರ್ (ಚಿಕ್ಕದಾಗಿ ಪೋಸ್ಟ್) ಅನ್ನುವ ಭಾಗದಿಂದ ಹುಟ್ಟುತ್ತದೆ. ಜಿ54 (ಜಾಬ್ ಎಲ್ಲಿದೆ ಅನ್ನುವುದು), ಜಿ43, ಎಚ್ ನಂಬರ್, ಟೂಲ್ ಚೇಂಜ್‌ಗೆ ಮುಂಚೆ ಝಡ್ ಮೇಲಕ್ಕೆ ಹೋಗುವುದು, ಇವೆಲ್ಲ ಪೋಸ್ಟ್‌ನ ಕೆಲಸ. ಸಿಮ್ಯುಲೇಷನ್ ಇದನ್ನು ನೋಡುವುದೇ ಇಲ್ಲ. ನಮಗೆ ಕೊಟ್ಟಿದ್ದು "ಜನರಿಕ್ ಫ್ಯಾನಕ್" ಅನ್ನುವ ಪೋಸ್ಟ್. ಅದರಲ್ಲಿ ಟೂಲ್ ನಂಬರ್ ಬೇರೆ, ಲೆಂತ್ ಆಫ್‌ಸೆಟ್ ನಂಬರ್ (ಅದೇ ಎಚ್) ಬೇರೆ. ಲೈಬ್ರರಿಯಲ್ಲಿ ಒಂದು ಟೂಲ್ ಕಾಪಿ ಮಾಡಿ ನಂಬರ್ ಬದಲಿಸಿದರೂ ಆಫ್‌ಸೆಟ್ ಹಳೆಯದೇ ಉಳಿಯುತ್ತದೆ. ಆ ಜಾಗ ಇರುವುದು ಒಳಗಿನ ಇನ್ನೊಂದು ಟ್ಯಾಬ್‌ನಲ್ಲಿ. ಟ್ರೈನಿಂಗ್‌ನಲ್ಲಿ ಅದನ್ನು ತೆರೆದು ತೋರಿಸಿರಲೇ ಇಲ್ಲ. ಟಿ ನಂಬರೇ ಎಚ್ ನಂಬರಾಗಿ ಬರುವ ಹಾಗೆ ಪೋಸ್ಟ್ ಬರೆಯಬಹುದು, ದೊಡ್ಡ ವಿದ್ಯೆಯೇನಲ್ಲ.

ಡೀಲರ್‌ಗೆ ಫೋನ್ ಮಾಡಿದರೆ, "ಪೋಸ್ಟ್ ಕಸ್ಟಮೈಸೇಷನ್ ಬೇರೆ ಚಾರ್ಜ್ ಆಗುತ್ತೆ ಸಾರ್" ಅಂದರು. ಡೆಮೊಗೆ ಬಂದಿದ್ದ ಹುಡುಗ ಕೆಲಸ ಬಿಟ್ಟಿದ್ದ. ಹಣ ವಾಪಸ್ ಇಲ್ಲ ಅಂತ ಕರಾರಿನಲ್ಲಿದೆ ಎಂದರು. ಪ್ಲೇಟ್‌ನ ಹಣ, ಸ್ಪಿಂಡಲ್ ಬೇರಿಂಗ್ ಖರ್ಚು, ಮಷೀನ್ ನಿಂತದ್ದು ಎಲ್ಲ ನಮ್ಮ ತಲೆ ಮೇಲೆ ಬಂತು. ಗಿರಾಕಿ ಮಾತ್ರ ದೊಡ್ಡ ಮನಸ್ಸಿನವರು, ಇನ್ನೊಂದು ಪ್ಲೇಟ್ ಕಳಿಸಿದರು.

ಈಗ ಯಾರೇ ಕೇಳಿದರೂ ನಾನು ಹೇಳುವುದು: ಡೀಲರ್ ತರುವ ಮಾಡೆಲ್ ಬೇಡ, ನಿಮ್ಮ ಜಾಬ್‌ನ ಡ್ರಾಯಿಂಗ್ ಕೊಡಿ. ಕಡಿಮೆಯೆಂದರೆ ಮೂರು ಟೂಲ್ ಇರಲಿ, ಒಂದು ಟ್ಯಾಪಿಂಗ್ (ತೂತಿನಲ್ಲಿ ಥ್ರೆಡ್ ಕೊರೆಯುವುದು) ಇರಲಿ. ಹೋಲ್ಡರ್ ಸಮೇತ ಟೂಲ್ ಹಾಕಿಸಿ. ಬಂದ ಜಿ ಕೋಡ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಪ್ರತಿ ಎಂ06 ನಂತರದ ಸಾಲುಗಳಲ್ಲಿ ಟಿ ಮತ್ತು ಎಚ್ ಒಂದೇ ಇದೆಯಾ ನೋಡಿ. ಜಿ ಕೋಡ್ ಅನ್ನೇ ಓದಿ ತೋರಿಸುವ ಕ್ಯಾಮೋಟಿಕ್ಸ್‌ನಂಥ ಉಚಿತ ಪ್ರೋಗ್ರಾಂಗಳಿವೆ, ಬಳಸಿ. ಆದರೆ ನಿಮ್ಮ ಮಷೀನ್‌ನ ಆಫ್‌ಸೆಟ್ ಟೇಬಲ್‌ನಲ್ಲಿ (ಟೂಲ್ ಉದ್ದಗಳ ಪಟ್ಟಿ) ಏನಿದೆ ಎನ್ನುವುದು ಅದಕ್ಕೂ ಗೊತ್ತಿರುವುದಿಲ್ಲ. ಅದಕ್ಕಾಗಿ ಫ್ಯಾನಕ್‌ನ ವರ್ಕ್ ಆಫ್‌ಸೆಟ್ ಪೇಜ್‌ನಲ್ಲಿ ಎಕ್ಸ್‌ಟರ್ನಲ್ ಆಫ್‌ಸೆಟ್‌ಗೆ ಝಡ್ 100 ಕೊಟ್ಟು, ಅಂದರೆ ಎಲ್ಲ ಚಲನೆಯನ್ನೂ 100 ಮಿ.ಮೀ. ಮೇಲೆತ್ತಿ, ಇಡೀ ಪ್ರೋಗ್ರಾಂ ಗಾಳಿಯಲ್ಲಿ ಓಡಿಸಿ. ನಮ್ಮ ಡ್ರಿಲ್ ಆಗ ಜಾಬ್‌ನಿಂದ 65 ಮಿ.ಮೀ. ಮೇಲೆ ಬಂದು ನಿಲ್ಲುತ್ತಿತ್ತು. 125 ಇರಬೇಕಾದದ್ದು 65 ಯಾಕೆ ಅಂತ ಸ್ಕೇಲ್ ಹಿಡಿದರೆ ಗೊತ್ತಾಗುತ್ತಿತ್ತು. ಮುಗಿದ ಮೇಲೆ ಆ 100 ತೆಗೆಯಲು ಮರೆಯಬೇಡಿ.

ಉಚಿತದ್ದು ಕೇಳುವವರಿಗೆ: ಆಟೋಡೆಸ್ಕ್‌ನ ಫ್ಯೂಷನ್ ಸಾಫ್ಟ್‌ವೇರ್‌ನ ಪರ್ಸನಲ್ ಲೈಸೆನ್ಸ್‌ನಲ್ಲಿ 2020ರ ಅಕ್ಟೋಬರ್‌ನಿಂದ ರ್‍ಯಾಪಿಡ್ ಮೂವ್‌ಗಳನ್ನೂ ಒಂದೇ ಪ್ರೋಗ್ರಾಂನೊಳಗಿನ ಟೂಲ್ ಚೇಂಜನ್ನೂ ತೆಗೆದಿದ್ದಾರೆ, ಮೇಲಾಗಿ ಅದು ವ್ಯಾಪಾರಕ್ಕಲ್ಲ. ಫ್ರೀಕ್ಯಾಡ್‌ನಲ್ಲಿ ಕ್ಯಾಮ್ ಇದೆ, ವ್ಯಾಪಾರಕ್ಕೂ ಬಳಸಬಹುದು, ಆದರೆ ಪೋಸ್ಟ್ ಹೊಂದಿಸುವುದು ನಿಮ್ಮ ಜವಾಬ್ದಾರಿ. ಕ್ರ್ಯಾಕ್ (ಕದ್ದ) ಕಾಪಿ ಮುಟ್ಟಬೇಡಿ. ಗೊತ್ತಿದ್ದೂ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ, ಮೂರು ವರ್ಷದವರೆಗೆ ಜೈಲು.

ಬರೀ ಹೋಲು, ಪಾಕೆಟ್ಟು, ಫೇಸಿಂಗ್ ಮಾಡುವವರಿಗೆ ಕ್ಯಾಮ್ ಬೇಕೇ ಬೇಕು ಅಂತಿಲ್ಲ. ಕಂಟ್ರೋಲ್‌ನಲ್ಲೇ ಫ್ಯಾನಕ್‌ನ ಮ್ಯಾನುಯಲ್ ಗೈಡ್ ಐ, ಸೀಮೆನ್ಸ್‌ನ ಶಾಪ್‌ಮಿಲ್ ಥರ ಮಷೀನ್ ಮುಂದೆಯೇ ಪ್ರೋಗ್ರಾಂ ಮಾಡುವ ಸೌಲಭ್ಯ ಇದೆಯಾ ನೋಡಿ. ಇಲ್ಲದಿದ್ದರೆ, ಜಿಟಿಟಿಸಿ, ಎನ್‌ಟಿಟಿಎಫ್ ತರಬೇತಿ ಸಂಸ್ಥೆಗಳಿಂದ ಬರುವ ಹುಡುಗರಿಗೆ ಯಾವ ಕ್ಯಾಮ್ ಗೊತ್ತಿದೆ ಅಂತ ವಿಚಾರಿಸಿ ಅದನ್ನೇ ತಗೊಳ್ಳಿ. ಇರುವ ಪ್ರೋಗ್ರಾಮರ್ ನಾಳೆ ಬಿಟ್ಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಕೊಟೇಷನ್‌ನಲ್ಲಿ ಬಾಯಿಮಾತು ಬೇಡ. ನಿಮ್ಮ ಮಷೀನ್ ಮಾಡೆಲ್, ಕಂಟ್ರೋಲ್ ಹೆಸರು ಬರೆದು, "ಪೋಸ್ಟ್ ಸೇರಿದೆ, ಮಷೀನ್ ಮೇಲೆ ಜಾಬ್ ಓಡಿಸಿ ತೋರಿಸಿದ ನಂತರ ಬಾಕಿ ಹಣ" ಅನ್ನುವ ಸಾಲು ಹಾಕಿಸಿ. ಅದಕ್ಕೆ ಒಪ್ಪದ ಡೀಲರ್‌ನಿಂದ ಖರೀದಿ ಮಾಡಬೇಡಿ.