ಟರ್ಬೊ ನೋಡಿದೆ, ಕ್ಲಚ್ ನೋಡಲಿಲ್ಲ: ಸೆಕೆಂಡ್ ಹ್ಯಾಂಡ್ ಡಿಸಿಟಿ ಹ್ಯಾಚ್‌ಬ್ಯಾಕ್ ತಗೊಳ್ಳೋರು ಓದಿ

ಬೆಂಗಳೂರಲ್ಲಿ ದಿನಾ ಆಫೀಸಿಗೆ ಓಡಿಸೋಕೆ ಅಂತ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕ್ತಿದ್ದೀರಾ? ಅದರಲ್ಲೂ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ಕಾ, ಅಂದರೆ ಡಿಸಿಟಿನಾ? ಟೋಕನ್ ಕೊಡೋ ಮುಂಚೆ ಇದನ್ನ ಪೂರ್ತಿ ಓದಿ. ನಾನು ಕಲಿತದ್ದು ಟೋಕನ್ ಕೊಟ್ಟ ಮೇಲೂ ಅಲ್ಲ, ಪೂರ್ತಿ ದುಡ್ಡು ಕೊಟ್ಟು, ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸಹಿ ಬಿದ್ದ ಮೇಲೆ. ಗಾಡಿ ಬಗ್ಗೆ ಗೊತ್ತಿಲ್ಲದವನೇನಲ್ಲ. ಅದಕ್ಕೇ ಇನ್ನೂ ನಾಚಿಕೆ.

ಗಾಡಿ 1.0 ಲೀಟರ್, ಮೂರು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್ ಟರ್ಬೊ. ಏಳು ಗೇರಿನ ಡ್ರೈ ಕ್ಲಚ್ ಡಿಸಿಟಿ. 41,000 ಕಿ.ಮೀ., ಒಬ್ಬರೇ ಓನರ್. ತಗೊಂಡಿದ್ದು ಹಳೇ ಗಾಡಿ ಮಾರೋ ಒಂದು ಯಾರ್ಡಲ್ಲಿ, ಅದರ ಹೆಸರು ಹೇಳಲ್ಲ, ಕೇಳಬೇಡಿ. ಹೆಸರಿಗಿಂತ ಅವರು ಮಾಡಿದ ಕೆಲಸ ಹೇಗೆ ಅಂತ ಗೊತ್ತಾದರೆ ಸಾಕು, ಅದನ್ನ ಯಾರು ಬೇಕಾದರೂ ಮಾಡಬಹುದು.

ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ, ಅಂದ ತಕ್ಷಣ ಎಲ್ಲರಿಗೂ ಅದು ಕೆಟ್ಟರೆ ಅನ್ನೋ ಭಯ. ನನಗೂ ಅದೇ. ಯಾರ್ಡಿನವನಿಗೆ ಅದು ಚೆನ್ನಾಗಿ ಗೊತ್ತು. ಇಪ್ಪತ್ತು ನಿಮಿಷ ಬಾನೆಟ್ ಎತ್ತಿ ಟರ್ಬೊನೇ ತೋರಿಸಿದ. ಟರ್ಬೊ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪಿನ ಕ್ಲಿಪ್ ಬಿಚ್ಚಿ "ಬೆರಳು ಹಾಕಿ ನೋಡಿ ಸರ್" ಅಂದ. ಒಳಗೆ ತೆಳ್ಳಗೆ ಎಣ್ಣೆ ಸವರಿದ ಹಾಗೆ ಇತ್ತು ಅಷ್ಟೇ, ಅಷ್ಟು ಇರೋದು ಮಾಮೂಲಿ. ಎಣ್ಣೆ ನಿಂತಿದ್ದರೆ ಅಥವಾ ತೊಟ್ಟಿಕ್ಕಿದರೆ ಸೀಲ್ ಹೋಗಿದೆ ಅಂತ. ಡಿಪ್‌ಸ್ಟಿಕ್ ತೆಗೆದೆ, ಎಣ್ಣೆ ಜೇನಿನ ಬಣ್ಣ. ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತೆ, ನೀಲಿ ಹೊಗೆ ಇಲ್ಲ. ರೇಸ್ ಮಾಡಿದಾಗ ಶಿಳ್ಳೆ ಇಲ್ಲ, ಗಾಳಿ ಸೋರೋ ಬುಸ್ ಸದ್ದೂ ಇಲ್ಲ. ಸ್ಟಾರ್ಟ್ ಮಾಡಿಸೋ ಮುಂಚೆಯೇ ಬಾನೆಟ್ ಮುಟ್ಟಿ ನೋಡಿದ್ದೆ, ತಣ್ಣಗಿತ್ತು. ಅಂದರೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿಲ್ಲ. ಒಳಗೊಳಗೇ ಖುಷಿ ಬೇರೆ, ನಾನು ಎಷ್ಟು ಹುಷಾರು ಅಂತ.

ಟರ್ಬೊ ಪಾಪ ಇವತ್ತಿಗೂ ಸರಿಯಾಗಿಯೇ ಇದೆ. ಹಾಳಾಗಿದ್ದು ಕ್ಲಚ್ಚು.

ಸಿಟಿಲಿ ಓಡೋ ಈ ಗಾಡಿಗಳಲ್ಲಿ ಮೊದಲು ಸಾಯೋದು ಸಾಮಾನ್ಯವಾಗಿ ಅದೇ, ಯಾಕೆ ಅಂತ ಹೇಳ್ತೀನಿ. ಡಿಸಿಟಿ ಒಳಗೆ ಎರಡು ಕ್ಲಚ್ ಇರುತ್ತೆ. ಒಂದು, ಮೂರು, ಐದು, ಏಳು ಒಂದು ಕ್ಲಚ್ಚಿಗೆ, ಎರಡು, ನಾಲ್ಕು, ಆರು ಇನ್ನೊಂದಕ್ಕೆ. ಡ್ರೈ ಅಂದರೆ ಎಣ್ಣೆಯಲ್ಲಿ ಮುಳುಗಿಲ್ಲ, ತಣ್ಣಗಾಗೋಕೆ ಸುತ್ತಲಿನ ಗಾಳಿ ಬಿಟ್ಟರೆ ಬೇರೆ ಗತಿಯಿಲ್ಲ. ಗಾಡಿ ನಡಿಗೆಗಿಂತ ನಿಧಾನಕ್ಕೆ ತೆವಳುವಾಗ ಕ್ಲಚ್ ಪೂರ್ತಿ ಕಚ್ಚೋ ಹಾಗಿಲ್ಲ, ಕಚ್ಚಿದರೆ ಎಂಜಿನ್ ಆಫ್ ಆಗುತ್ತೆ. ಹಾಗಾಗಿ ಅರ್ಧ ಕಚ್ಚಿ ಜಾರ್ತಾ ಇರುತ್ತೆ, ಮ್ಯಾನುಯಲ್‌ನಲ್ಲಿ ಹಾಫ್ ಕ್ಲಚ್ ಅಂತೀವಲ್ಲ, ಹಾಗೆ. ಮ್ಯಾನುಯಲ್‌ನಲ್ಲಿ ಕಾಲು ನೋಯುತ್ತೆ, ಬಿಡ್ತೀವಿ. ಇಲ್ಲಿ ನೋಯೋದು ಕ್ಲಚ್ ಪ್ಲೇಟಿಗೆ, ನಮಗೆ ಗೊತ್ತೇ ಆಗಲ್ಲ. ಮೇಲಿಂದ ಟರ್ಬೊ ಎಂಜಿನ್ 1,500 ಆರ್‌ಪಿಎಂ ಆಸುಪಾಸಿನಲ್ಲೇ ಪೂರ್ತಿ ಟಾರ್ಕ್, ಅಂದರೆ ತಿರುಗಿಸೋ ಬಲ, ಕೊಡುತ್ತೆ, ಜಾರೋ ಪ್ಲೇಟಿನ ಮೇಲೆ ಅದೆಲ್ಲ ಬೀಳುತ್ತೆ. ಪ್ಲೇಟ್ ಬಿಸಿಯಾಗಿ ಹೊಳಪು ಕಟ್ಟುತ್ತೆ, ಆಮೇಲೆ ಕಚ್ಚುವಾಗ ಗಡಗಡ ನಡುಗುತ್ತೆ.

ಕಂಪನಿಗಳಿಗೂ ಇದೇನು ಹೊಸದಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಬಂದಾಗ ಅದರಲ್ಲಿ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಇತ್ತು, ಡಿಸಿಟಿಗೆ ಅವರಿಟ್ಟ ಹೆಸರು ಅದು. 2020ರಲ್ಲಿ ಅದೇ ಗಾಡಿಗೆ 1.0 ಲೀಟರ್ ಟರ್ಬೊ ಎಂಜಿನ್ ಬಂದಾಗ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಹಾಕಿದರು. ಟಾರ್ಕ್ ಕನ್ವರ್ಟರ್‌ನಲ್ಲಿ ಜಾರೋ ಕೆಲಸ ಎಣ್ಣೆ ಮಾಡುತ್ತೆ, ತೆವಳಿದರೂ ಪ್ಲೇಟ್ ಸವೆಯಲ್ಲ. ಗೇರ್ ಬದಲಾಗೋದು ಚೂರು ನಿಧಾನ ಇರಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅಷ್ಟು ಬೇಗ ಗೇರ್ ಬದಲಾಯಿಸಿ ಎಲ್ಲಿಗೆ ಹೋಗಬೇಕು ಹೇಳಿ.

ಇಷ್ಟೆಲ್ಲ ಗೊತ್ತಿತ್ತು ನನಗೆ. ಗೊತ್ತಿದ್ದೂ ಟೆಸ್ಟ್ ಡ್ರೈವ್ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಒಪ್ಪಿಕೊಂಡೆ. "ಬೆಳಗ್ಗೆ ಬನ್ನಿ ಸರ್, ರೋಡ್ ಖಾಲಿ ಇರುತ್ತೆ, ಟರ್ಬೊ ಪಂಚ್ ಗೊತ್ತಾಗುತ್ತೆ" ಅಂದ. ಪಂಚ್ ಗೊತ್ತಾಯ್ತು. ಹೋದ ತಕ್ಷಣ "ಐದು ನಿಮಿಷ ಟೀ ಕುಡೀರಿ ಸರ್, ಗಾಡಿ ಒರೆಸ್ತಿದ್ದಾರೆ" ಅಂತ ಆಫೀಸಲ್ಲಿ ಕೂರಿಸಿದ. ಈ ಟೀ ನೆನಪಿಟ್ಟುಕೊಳ್ಳಿ. ಆಮೇಲೆ ಆಗಲೇ ಹೇಳಿದ ಟರ್ಬೊ ದರ್ಶನ, ಅದಾದ ಮೇಲೆ 12 ಕಿ.ಮೀ. ಓಡಿಸಿದೆ, ಬೆಣ್ಣೆ ಇದ್ದ ಹಾಗೆ ಇತ್ತು ಗೇರು. ಟೀ ಮುಗಿಸಿ ಗಾಡಿ ಹತ್ತಿರ ಬಂದ ತಕ್ಷಣ ಅಭ್ಯಾಸಬಲದಿಂದ ಮೀಟರ್ ಫೋಟೋ ತೆಗೆದಿದ್ದೆ. 41,187 ಕಿ.ಮೀ., ಗಡಿಯಾರ 8:14.

ಶನಿವಾರ ಡೆಲಿವರಿ, ಮೀಟರ್ 41,206. ಮಂಗಳವಾರ ಸಂಜೆ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆ. ಇಬ್ಬಲೂರು ದಾಟೋ ಹೊತ್ತಿಗೆ ಐವತ್ತು ನಿಮಿಷ ಆಗಿತ್ತು. ಅಗರ ಫ್ಲೈಓವರ್ ಏರಿನಲ್ಲಿ ಬ್ರೇಕ್ ಬಿಟ್ಟೆ, ಎತ್ತಿನಗಾಡಿ ಕಲ್ಲಿನ ಮೇಲೆ ಹತ್ತಿದ ಹಾಗೆ ಇಡೀ ಗಾಡಿ ನಡುಗಿತು. ಎರಡನೇ ಸಲ ಇನ್ನೂ ಜೋರು. ಮೂರನೇ ಸಲಕ್ಕೆ ಗೇರ್‌ಬಾಕ್ಸ್ ಬಿಸಿಯಾಗಿದೆ, ಪಕ್ಕಕ್ಕೆ ನಿಲ್ಲಿಸಿ ಅಂತ ಮೀಟರ್ ಮೇಲೆ ಬಂತು. ಫ್ಲೈಓವರ್ ಮೇಲೆ ಪಕ್ಕ ಎಲ್ಲಿದೆ? ಹಿಂದಿನ ಬಸ್ಸಿನವನ ಹಾರ್ನು.

ಅವತ್ತು ರಾತ್ರಿನೇ ಯಾರ್ಡಿನವನಿಗೆ ಫೋನ್ ಮಾಡಿದೆ. "ಸರ್, ಡಿಸಿಟಿ ಕ್ಯಾರೆಕ್ಟರೇ ಹಂಗೆ ಸರ್. ಟರ್ಬೊ ಗಾಡಿ ಅಲ್ವಾ, ಸ್ವಲ್ಪ ವೈಬ್ರೇಷನ್ ಇರುತ್ತೆ." ಭಾನುವಾರ ಇರಲಿಲ್ಲವಲ್ಲಪ್ಪ ಅಂದೆ. "ನೀವು ಬ್ರೇಕ್ ಅರ್ಧ ಒತ್ಕೊಂಡು ಓಡಿಸ್ತೀರ ಅನ್ಸುತ್ತೆ ಸರ್. ಅಭ್ಯಾಸ ಆಗುತ್ತೆ."

ಅಭ್ಯಾಸ ಆಗುತ್ತೆ!

ಮಾರನೇ ದಿನ ಗುರುತಿನ ಗ್ಯಾರೇಜಿಗೆ ಒಯ್ದೆ. ಆತ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರ್ ಓದೋ ಸಾಕೆಟ್ಟಿಗೆ, ಸ್ಕ್ಯಾನರ್ ಹಾಕಿದ. ಗೇರ್‌ಬಾಕ್ಸ್ ಮಾಡ್ಯೂಲಲ್ಲಿ, ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರಲ್ಲಿ, ಕ್ಲಚ್ ಅತಿಯಾಗಿ ಬಿಸಿಯಾದ ದೋಷದ ಕೋಡ್ ಒಂದೇ ಇತ್ತು, ನಿನ್ನೆಯದು. ಹಳೇದು ಒಂದೂ ಇಲ್ಲ. ಆಮೇಲೆ ಎಂಜಿನ್ ಮಾಡ್ಯೂಲಿನ ಲೈವ್ ಡೇಟಾ ತೆರೆದು ಕೆಳಗೆ ಕೆಳಗೆ ಹೋಗಿ ಒಂದು ಸಾಲು ತೋರಿಸಿದ. ಕೋಡ್ ಅಳಿಸಿದ ಮೇಲೆ ಓಡಿದ ದೂರ: 131 ಕಿ.ಮೀ.

"ಈಗ ಮೀಟರ್ ಎಷ್ಟಿದೆ ಸಾರ್?" ಅಂದ. 41,318. ಕಳೀರಿ.

41,187.

ಫೋನ್ ತೆಗೆದು ಫೋಟೋ ನೋಡಿದೆ. ಅದೇ ನಂಬರ್. ನಾನು ಆ ಆಫೀಸಲ್ಲಿ ಕೂತು ಟೀ ಕುಡಿತಿದ್ದಾಗ, ಹದಿನೈದು ಅಡಿ ಆಚೆ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ಕೋಡ್ ಅಳಿಸಿದ್ದಾರೆ. ಬಾನೆಟ್ ತಣ್ಣಗಿರದೆ ಇನ್ನೇನು! ಗ್ಯಾರೇಜಿನವನ ಲೆಕ್ಕದಲ್ಲಿ ಅದಕ್ಕೂ ಮುಂಚೆಯೇ ಕ್ಲಚ್ ಅಡಾಪ್ಟೇಷನ್ ರೀಸೆಟ್ ಮಾಡಿ ಹೊಸದಾಗಿ ಕಲಿಸಿದ್ದಾರೆ. ಅಂದರೆ ಪ್ಲೇಟ್ ಎಲ್ಲಿ ಕಚ್ಚುತ್ತೆ ಅಂತ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಮತ್ತೆ ತೋರಿಸೋದು. ಸವೆದ ಪ್ಲೇಟೂ ಅದಾದ ಮೇಲೆ ಕೆಲವು ದಿನ ನಯವಾಗಿ ಕಚ್ಚುತ್ತೆ, ಬಿಸಿ ಏರೋವರೆಗೆ. ಟೀ ದುಡ್ಡೂ ತಗೊಳ್ಳಲಿಲ್ಲ ಪುಣ್ಯಾತ್ಮ.

ಫೋನಲ್ಲಿ ಈ 131ರ ವಿಷಯ ಹೇಳಿದಾಗ ಒಂದು ಕ್ಷಣ ಸುಮ್ಮನಾದ. ಆಮೇಲೆ "ಬ್ಯಾಟರಿ ವೀಕ್ ಇತ್ತು ಸರ್, ಅವತ್ತು ಟರ್ಮಿನಲ್ ತೆಗೆದು ಹಾಕಿದ್ವಿ, ಅದಕ್ಕೇ ಅಳಿಸಿ ಹೋಗಿರುತ್ತೆ" ಅಂದ. ಟರ್ಮಿನಲ್ ತೆಗೆದರೆ ಈ ಗಾಡಿಯ ಗಡಿಯಾರ ಹನ್ನೆರಡಕ್ಕೆ ಬಂದು ನಿಲ್ಲುತ್ತೆ, ಗ್ಯಾರೇಜಲ್ಲಿ ತೆಗೆದು ನೋಡಿದ್ವಿ. ಫೋಟೋದಲ್ಲಿ 8:14 ಇದೆ, ಫೋನಿನ ಟೈಮೂ 8:14. ಅದನ್ನೂ ಹೇಳಿದೆ. "ಚೆಕ್ ಮಾಡಿ ಹೇಳ್ತೀನಿ ಸರ್." ಇನ್ನೂ ಚೆಕ್ ಮಾಡ್ತಿದ್ದಾನೆ.

ವಾರಂಟಿ ಕಥೆ ಕೇಳಿ. ಮಾರುವಾಗ "ಎಂಜಿನ್, ಗೇರ್‌ಬಾಕ್ಸ್ ಎರಡಕ್ಕೂ ಆರು ತಿಂಗಳು ವಾರಂಟಿ, ತಲೆನೇ ಕೆಡಿಸ್ಕೋಬೇಡಿ" ಅಂದಿದ್ದ. ಈಗ ಅವರ ಮ್ಯಾನೇಜರ್ ಹೇಳ್ತಾನೆ, "ಗೇರ್‌ಬಾಕ್ಸ್ ಕವರ್ ಆಗುತ್ತೆ ಸರ್. ಕ್ಲಚ್ ಗೇರ್‌ಬಾಕ್ಸ್ ಅಲ್ಲ." ಹಾಗಾದರೆ ಎಂಜಿನ್ನಾ? "ಅದು ವೇರ್ ಅಂಡ್ ಟೇರ್ ಸರ್, ಬ್ರೇಕ್ ಪ್ಯಾಡ್ ಇದ್ದಂಗೆ." ಎರಡು ಕ್ಲಚ್ಚಿನ ಸೆಟ್ಟು, ಮಜೂರಿ, ಮತ್ತೆ ಅಡಾಪ್ಟೇಷನ್ ಎಲ್ಲ ಸೇರಿ ನನಗೆ ಬಂದ ಕೊಟೇಷನ್ ₹94,000. ಯಾವ ಬ್ರೇಕ್ ಪ್ಯಾಡಪ್ಪ ಅದು? ವಾರಂಟಿ ಪತ್ರದ ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಜವಾಗಿಯೂ ಹಾಗೇ ಬರೆದಿದೆ. ನಾನು ಓದಿರಲಿಲ್ಲ. ಅದು ನನ್ನ ತಪ್ಪೇ, ಒಪ್ಪಿಕೊಳ್ತೀನಿ. ನೀವು ಡಿಸಿಟಿ ತಗೊಳ್ಳೋದಾದರೆ "ಕ್ಲಚ್ ಅಸೆಂಬ್ಲಿ" ಅನ್ನೋ ಪದ ಒಳಗಿರೋ ಪಟ್ಟಿಯಲ್ಲಿದೆಯಾ, ಹೊರಗಿಟ್ಟಿರೋ ಪಟ್ಟಿಯಲ್ಲಿದೆಯಾ ನೋಡಿ. ಬಾಯಿಮಾತಿಗೆ ಬೆಲೆಯಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಬೆಲೆಯಲ್ಲೂ ಒಂದು ಆಟ ಇತ್ತು. ಹೊಸ ಗಾಡಿಯ ಆನ್ ರೋಡ್ ಬೆಲೆ ಅಂತ ಹಳೇ ಕೊಟೇಷನ್ ತೋರಿಸಿ "ಇಷ್ಟು ಲಕ್ಷ ಉಳೀತು ಸರ್" ಅಂತಾರೆ. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%. ಅದಕ್ಕೆ ಮುಂಚೆ 28%, ಮೇಲೆ 1% ಸೆಸ್. ಹೊಸದರ ಬೆಲೆ ಆಗಲೇ ಇಳಿದಿದೆ, ಇವರ ಕೊಟೇಷನ್ ಮಾತ್ರ ಇಳಿದಿಲ್ಲ. ಇವತ್ತಿನ ಬೆಲೆ ನೀವೇ ಕೇಳಿಕೊಂಡು ಹೋಗಿ.

ಸರಿ, ಏನು ಮಾಡಬೇಕು ಅಂತ ಕೇಳ್ತೀರಿ. ಗಾಡಿ ತಣ್ಣಗಿದ್ದಾಗ ನೋಡಿ ಅಂತ ಎಲ್ಲರೂ ಹೇಳ್ತಾರೆ. ಅದು ಎಂಜಿನ್ನಿಗೆ. ಡ್ರೈ ಕ್ಲಚ್ಚನ್ನ ಬಿಸಿ ಮಾಡಿಯೇ ನೋಡಬೇಕು. ವಾರದ ದಿನ ಸಂಜೆ ಆರು ಗಂಟೆಗೆ ಕೇಳಿ, ಎಸಿ ಹಾಕಿಕೊಂಡು ಕನಿಷ್ಠ 45 ನಿಮಿಷ ಟ್ರಾಫಿಕ್‌ನಲ್ಲಿ ತೆವಳಿಸಿ. ಆಮೇಲೆ ಯಾವುದಾದರೂ ಏರಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಮುಟ್ಟದೆ ಬರೀ ಬ್ರೇಕ್ ಬಿಡಿ. ಏರು ಕಡಿದಾಗಿದ್ದರೆ ಲಘುವಾಗಿ ಆಕ್ಸಿಲರೇಟರ್ ಕೊಡಿ. ನಡುಗದೆ ಹೊರಡಬೇಕು. ಒಂದು ಸಲ ಅಲ್ಲ, ಹತ್ತು ಸಲ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಸೀಟು, ಸ್ಟೀರಿಂಗ್ ಅದುರುತ್ತಾ ಗಮನಿಸಿ. ಮಾಲ್ ಬೇಸ್‌ಮೆಂಟಿನ ರ‍್ಯಾಂಪಲ್ಲಿ ರಿವರ್ಸ್ ಹತ್ತಿಸಿ. "ಸಂಜೆ ಗಾಡಿ ಕೊಡಲ್ಲ" ಅಂದರೆ ನಿಮಗೆ ಉತ್ತರ ಸಿಕ್ಕಿತು ಅಂತ ಬಂದುಬಿಡಿ.

ಸ್ಕ್ಯಾನ್ ಟೆಸ್ಟ್ ಡ್ರೈವಿಗೆ ಮುಂಚೆಯೂ ಮಾಡಿ, ಆಮೇಲೂ ಮಾಡಿ. ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಡಾಂಗಲ್ ಗೇರ್‌ಬಾಕ್ಸ್ ಮಾಡ್ಯೂಲ್ ಓದೋದು ಅನುಮಾನ, ಆದರೆ ಕೋಡ್ ಅಳಿಸಿದ ಮೇಲಿನ ದೂರ ಎಂಜಿನ್ ಮಾಡ್ಯೂಲಲ್ಲೇ ಇರುತ್ತೆ, ಸಾಮಾನ್ಯವಾಗಿ ಅದನ್ನ ಓದುತ್ತೆ. ದೂರ ಸೊನ್ನೆ ಹತ್ತಿರ ಇದ್ದು, ರೆಡಿನೆಸ್ ಮಾನಿಟರ್, ಅಂದರೆ ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಂಡ ಪಟ್ಟಿ, ಹೆಚ್ಚಿನವು ರೆಡಿ ಆಗಿಲ್ಲದಿದ್ದರೆ ಯಾರೋ ಈಗಷ್ಟೇ ಕೋಡ್ ಒರೆಸಿದ್ದಾರೆ, ಇಲ್ಲ ಬ್ಯಾಟರಿ ಬಿಚ್ಚಿದ್ದಾರೆ ಅಂತ ಅರ್ಥ. ಹಳೇ ಇನ್ಶೂರೆನ್ಸ್ ಪಾಲಿಸಿಯ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಸಿಗೋ ರಿಯಾಯಿತಿ, ಕೂಡ ನೋಡಿ. ಕ್ಲೇಮೇ ಆಗದ ಒಬ್ಬರೇ ಓನರ್ ಗಾಡಿಗೆ ನಾಲ್ಕನೇ ವರ್ಷದ ಪಾಲಿಸಿಯಲ್ಲಿ 35% ಇರಬೇಕು. ನನ್ನದರಲ್ಲಿ ಸೊನ್ನೆ ಇತ್ತು. "ಬಂಪರ್ ಸ್ಕ್ರಾಚ್ ಸರ್" ಅಂದಿದ್ದ, ನಂಬಿದ್ದೆ. ಇನ್ನೇನೇನು ನಂಬಿದ್ದೀನೋ.

ಈಗಾಗಲೇ ಇಂಥ ಗಾಡಿ ಇರೋರು ಬ್ರೇಕ್ ಅರ್ಧ ಒತ್ತಿ ತೆವಳಬೇಡಿ, ಅದೊಂದು ಮಾತು ಆ ಮನುಷ್ಯ ನಿಜ ಹೇಳಿದ. ಮುಂದೆ ಎರಡು ಗಾಡಿಯಷ್ಟು ಜಾಗ ಆಗೋಕೆ ಬಿಡಿ, ಒಂದೇ ಸಲ ಮುಂದೆ ಹೋಗಿ, ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ, ಪೂರ್ತಿ ಒತ್ತಿದಾಗ ಕ್ಲಚ್ ಬಿಡುತ್ತೆ. ಆ ಜಾಗಕ್ಕೆ ಆಟೋ ನುಗ್ಗುತ್ತೆ, ನುಗ್ಗಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ತಡೆ ಹಿಡಿಯಬೇಡಿ. ಎಂಜಿನ್ ಎಣ್ಣೆ ಗಾಡಿ ಜೊತೆ ಬರೋ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿ. ಲಕ್ಷ ಆರ್‌ಪಿಎಂ ಮೀರಿ ತಿರುಗೋ ಟರ್ಬೊ ಬೇರಿಂಗಿಗೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎಣ್ಣೆ ತಲುಪಬೇಕು, ಗಟ್ಟಿ ಎಣ್ಣೆ ತಡ ಮಾಡುತ್ತೆ. ಮೈಲೇಜ್ ಬಗ್ಗೆ ಕೇಳಲೇಬೇಡಿ. ಬಂಕಲ್ಲಿ ಫುಲ್ ಟು ಫುಲ್ ಲೆಕ್ಕ ಹಾಕಿದರೆ ನನಗೆ 8.6, ಮೀಟರ್ ತೋರಿಸೋದು 9.8.

ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಅದಕ್ಕೆ ಎರಡು ವರ್ಷದ ಒಳಗೆ ಹಾಕಬೇಕು. ಸ್ಕ್ಯಾನ್ ರಿಪೋರ್ಟು, ಮೀಟರ್ ಫೋಟೋ, ವಾರಂಟಿ ಪತ್ರದ ಎರಡೂ ಪುಟ, ವಾಟ್ಸ್‌ಆ್ಯಪ್ ಮಾತುಕತೆ ಪ್ರಿಂಟ್ ತೆಗೆಸಿ ಇಟ್ಟಿದ್ದೀನಿ. ಹೋದ ವಾರ ಯಾರ್ಡಿನಿಂದ ಫೋನ್ ಬಂತು. ಮಾತುಕತೆಗೆ ಕರೀತಿದ್ದಾರೆ ಅಂದುಕೊಂಡೆ. "ಸರ್, ನಿಮ್ಮ ಗಾಡಿ ಮಾರೋ ಪ್ಲಾನ್ ಇದ್ರೆ ಹೇಳಿ, ನಾವೇ ತಗೋತೀವಿ. ಆದ್ರೆ ಕ್ಲಚ್ ಕಂಪ್ಲೇಂಟ್ ಇದ್ಯಂತಲ್ಲ, ರೇಟ್ ಸ್ವಲ್ಪ ಕಮ್ಮಿ ಆಗುತ್ತೆ."